ಹತ್ತರಲ್ಲಿ ಎಷ್ಟು? ಹತ್ತಕ್ಕಿಂತ ಜಾಸ್ತಿ!

1995ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಸೆನೆಟರ್ ಡಂಕನ್ ಸ್ಕಾಟ್ ಒಂದು ಮಸೂದೆಗೆ ತಿದ್ದುಪಡಿ ತಂದರು. ಆರೋಪಿಯ ಮನಸ್ಸು ನೆಟ್ಟಗಿದೆಯೋ ಇಲ್ಲವೋ ಎಂದು ಸಾಕ್ಷಿ ಹೇಳಲು ಬರುವ ಮನಶ್ಶಾಸ್ತ್ರಜ್ಞರು ಎರಡು ಅಡಿಗೆ ಕಮ್ಮಿ ಇಲ್ಲದ ಚೂಪು ಟೋಪಿ ಹಾಕಿಕೊಳ್ಳಬೇಕು. ಟೋಪಿ ಮೇಲೆ ನಕ್ಷತ್ರ, ಮಿಂಚು ಇರಬೇಕು. ಜೊತೆಗೆ 18 ಇಂಚಿನ ಬಿಳಿ ಗಡ್ಡ. ಮುಖ್ಯವಾದ ಮಾತು ಬಂದಾಗಲೆಲ್ಲ ಮಂತ್ರದಂಡದಿಂದ ಗಾಳಿಯನ್ನು ತಿವಿಯಬೇಕು. ಅವರು ಅಭಿಪ್ರಾಯ ಹೇಳುವಾಗ ಕೋರ್ಟಿನ ಸಿಬ್ಬಂದಿ ದೀಪ ಮಂಕು ಮಾಡಿ ಎರಡು ಸಲ ಜಾಗಟೆ ಬಾರಿಸಬೇಕು.

ತಮಾಷೆಗೇ ಬರೆದದ್ದು, ನಿಜ. ಆದರೆ ಸೆನೆಟ್ ಪಾಸು ಮಾಡಿಬಿಟ್ಟಿತು. ಕೊನೆಗೆ ಅದು ಕಾನೂನಾಗಲಿಲ್ಲ. ನನ್ನ ತಕರಾರು ಟೋಪಿಯ ಬಗ್ಗೆ ಅಲ್ಲ. ಅಳತೆ ತೆಗೆದ ತಲೆ ಸರಿಯಿಲ್ಲ ಅಷ್ಟೇ.

ಯಾಕೆಂದರೆ ಮನಶ್ಶಾಸ್ತ್ರಜ್ಞ ತನ್ನ ಪಾಡಿಗೆ ತಾನಿದ್ದಾಗ ಮಂತ್ರವಾದಿಯ ಥರ ಮಾತಾಡುವುದೇ ಇಲ್ಲ. ‘ಇರಬಹುದು’, ‘ಸಾಧ್ಯತೆ ಇದೆ’, ‘ಇನ್ನೂ ನೋಡಬೇಕು’. ಇದು ಅವನ ಭಾಷೆ. ಕಟಕಟೆ ಹತ್ತಿಸಿದ ಮೇಲೆ ನೋಡಿ.

“ಆರೋಪಿಗೆ ತಾನು ಮಾಡಿದ್ದು ತಪ್ಪು ಅಂತ ಗೊತ್ತಿತ್ತಾ ಡಾಕ್ಟ್ರೇ?”

“ಸ್ವಲ್ಪ ಮಟ್ಟಿಗೆ ಗೊತ್ತಿದ್ದಿರಬಹುದು. ಆದರೆ ಆ ಹೊತ್ತಿನಲ್ಲಿ...”

“ಹೌದೋ ಅಲ್ವೋ, ಅಷ್ಟು ಹೇಳಿ ಸಾಕು.”

ಈ ಪ್ರಶ್ನೆ ಈಗಿನದಲ್ಲ. 1843ರಲ್ಲಿ ಲಂಡನ್ನಿನಲ್ಲಿ ಡೇನಿಯಲ್ ಮೆಕ್‌ನಾಟನ್ ಎಂಬಾತ ಪ್ರಧಾನಿಯ ಕಾರ್ಯದರ್ಶಿಯನ್ನು ಗುಂಡಿಟ್ಟು ಕೊಂದ. ಆ ಕಾರ್ಯದರ್ಶಿಯೇ ಪ್ರಧಾನಿ ಅಂದುಕೊಂಡಿದ್ದ ಅಂತ ಕಾಣುತ್ತದೆ. ಮನಸ್ಸು ಸ್ವಸ್ಥ ಇರಲಿಲ್ಲ ಎಂದು ಅವನು ಖುಲಾಸೆಯಾದ. ಊರೆಲ್ಲ ಗದ್ದಲ. ಆಗ ನ್ಯಾಯಾಧೀಶರೆಲ್ಲ ಸೇರಿ ಒಂದು ಅಳತೆಗೋಲು ಮಾಡಿಕೊಟ್ಟರು: ಏನು ಮಾಡುತ್ತಿದ್ದೇನೆ ಎಂದು ಅವನಿಗೆ ತಿಳಿದಿತ್ತೇ? ತಿಳಿದಿದ್ದರೆ, ಅದು ತಪ್ಪು ಎಂದು ಗೊತ್ತಿತ್ತೇ? ಜರ್ಮನಿಯ ವಿಲ್ಹೆಲ್ಮ್ ವುಂಟ್ ಲೈಪ್‌ಜಿಗ್‌ನಲ್ಲಿ ಮನಶ್ಶಾಸ್ತ್ರದ ಮೊದಲ ಪ್ರಯೋಗಾಲಯ ತೆರೆದದ್ದು 1879ರಲ್ಲಿ. ಅಂದರೆ ಆ ಶಾಸ್ತ್ರ ಕಣ್ಣು ಬಿಡುವುದಕ್ಕೆ 36 ವರ್ಷ ಮುಂಚೆಯೇ ಕಾನೂನು ಮನಸ್ಸಿನ ವಿಚಾರ ಮುಗಿಸಿ ಫೈಲು ಕಟ್ಟಿಟ್ಟಿತ್ತು. ಎಷ್ಟೋ ದೇಶಗಳಲ್ಲಿ ಇವತ್ತಿಗೂ ಅದೇ ಫೈಲು. ಹಿರಿಯರು ಮಾಡಿದ್ದನ್ನು ಬದಲಾಯಿಸೋದು ಹೇಗೆ, ಅಲ್ವಾ?

ಇಂಥ ಕಡೆ ಬಾಳುವವರು ಯಾರು? ‘ಇರಬಹುದು’ ಎನ್ನುವವರಂತೂ ಅಲ್ಲ. ಟೆಕ್ಸಸ್‌ನ ಮನೋವೈದ್ಯ ಜೇಮ್ಸ್ ಗ್ರಿಗ್ಸನ್ ಬಾಳಿದರು. ಅಲ್ಲಿ ಮರಣದಂಡನೆ ಕೊಡಬೇಕಾದರೆ ಈ ಮನುಷ್ಯ ಮುಂದೆಯೂ ಹಿಂಸೆ ಮಾಡುತ್ತಾನೆಯೇ ಎಂದು ಜ್ಯೂರಿ, ಅಂದರೆ ತೀರ್ಪಿಗೆ ಕೂರುವ ಹನ್ನೆರಡು ಸಾಮಾನ್ಯ ಜನ, ತೀರ್ಮಾನಿಸಬೇಕು. ಮುಂದಾಗುವುದು ಜ್ಯೂರಿಗೆ ಹೇಗೆ ಗೊತ್ತಾಗಬೇಕು? ಗ್ರಿಗ್ಸನ್ ಅವರಿಗೆ ಗೊತ್ತಾಗುತ್ತಿತ್ತು. ನೂರಕ್ಕೂ ಹೆಚ್ಚು ಮರಣದಂಡನೆ ಪ್ರಕರಣಗಳಲ್ಲಿ ಅವರು ಸಾಕ್ಷಿ ಹೇಳಿದರು. ಜನ ಅವರಿಗೆ ‘ಡಾಕ್ಟರ್ ಡೆತ್’ ಎಂದು ಹೆಸರಿಟ್ಟರು.

ಬೇರ್‌ಫುಟ್ ಎಂಬ ಆರೋಪಿಯ ಪ್ರಕರಣದಲ್ಲಿ ಗ್ರಿಗ್ಸನ್ ಅವನನ್ನು ಪರೀಕ್ಷಿಸಿಯೇ ಇರಲಿಲ್ಲ. ಮುಖಾಮುಖಿ ಒಂದು ಮಾತೂ ಆಡಿರಲಿಲ್ಲ. ಸರ್ಕಾರಿ ವಕೀಲರು ‘ಇಂಥಿಂಥವನೊಬ್ಬ ಇದ್ದಾನೆ ಅಂತಿಟ್ಟುಕೊಳ್ಳಿ’ ಎಂದು ಶುರು ಮಾಡಿದರು. ಇವರು ಇಟ್ಟುಕೊಂಡರು. ಮತ್ತೆ ಹಿಂಸೆ ಮಾಡುವುದು ‘ನೂರಕ್ಕೆ ನೂರು’ ಎಂದರು. ಸಮಾಜಘಾತುಕ ಮನಸ್ಸಿನ ಅಳತೆಯಲ್ಲಿ ಹತ್ತಕ್ಕೆ ಎಷ್ಟು ಎಂದರೆ ‘ಹತ್ತಕ್ಕಿಂತ ಮೇಲೆ’. ರೋಗಿ ಎದುರಿಗಿದ್ದರೆ ವೈದ್ಯನಿಗೆ ಸಂಶಯ ಬರುತ್ತದೆ. ಆ ತೊಂದರೆಯೇ ಇಲ್ಲಿರಲಿಲ್ಲ.

ಮೇಲ್ಮನವಿ 1983ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. ಆಗ ಮನೋವೈದ್ಯರ ಸಂಘವೇ ಬಂದು ಕೈಮುಗಿಯಿತು: ಸ್ವಾಮೀ, ಮುಂದೆ ಯಾರು ಹಿಂಸೆ ಮಾಡುತ್ತಾರೆ ಅಂತ ಹೇಳೋದು ನಮ್ಮಿಂದ ಆಗೋದಿಲ್ಲ, ಇಂಥ ಭವಿಷ್ಯ ಮೂರರಲ್ಲಿ ಎರಡು ಸಲ ತಪ್ಪುತ್ತದೆ. ಒಂದು ವೃತ್ತಿಯವರೇ ಎದ್ದು ನಿಂತು ‘ನಮಗಿದು ಬರುವುದಿಲ್ಲ’ ಅಂದದ್ದು ಅಪರೂಪ. ಕೋರ್ಟು ಬಿಡಬೇಕಲ್ಲ. ಮನೋವೈದ್ಯರು ಯಾವಾಗಲೂ ತಪ್ಪುತ್ತಾರೆ ಎಂದು ಸಂಘವೂ ಹೇಳುತ್ತಿಲ್ಲ, ‘ಹೆಚ್ಚಿನ ಸಲ’ ತಪ್ಪುತ್ತಾರೆ ಎನ್ನುತ್ತಿದೆ ಅಷ್ಟೇ ಎಂದು ತೀರ್ಪಿನಲ್ಲಿ ಬರೆಯಿತು. ನಾನು ಸೇರಿಸಿದ್ದಲ್ಲ, ತೀರ್ಪಿನಲ್ಲೇ ಇದೆ. ತಪ್ಪೋ ಸರಿಯೋ ಪಾಟೀಸವಾಲಿನಲ್ಲಿ ಜ್ಯೂರಿ ಕಂಡುಹಿಡಿಯುತ್ತದಂತೆ. ಡಾಕ್ಟರಿಗೆ ಗೊತ್ತಾಗದ್ದು ಜ್ಯೂರಿಗೆ ಗೊತ್ತಾಗುತ್ತದೆ. ಬೇರ್‌ಫುಟ್‌ಗೆ 1984ರಲ್ಲಿ ಮರಣದಂಡನೆ ಆಯಿತು. ಗ್ರಿಗ್ಸನ್ ಅವರನ್ನು ಸಂಘ 1995ರಲ್ಲಿ ಹೊರಹಾಕಿತು. ಆಮೇಲೂ ಕೋರ್ಟಿನ ಬಾಗಿಲು ಅವರಿಗೆ ತೆರೆದೇ ಇತ್ತು. ಈ ನಡುವೆ, 1977ರಲ್ಲಿ ಅವರು ‘ಅಪಾಯಕಾರಿ’ ಎಂದಿದ್ದ ಇನ್ನೊಬ್ಬ 1989ರಲ್ಲಿ ಜೈಲಿನಿಂದ ಹೊರಬಂದ. ಕೊಲೆ ಅವನು ಮಾಡಿರಲೇ ಇಲ್ಲ.

ಒಬ್ಬರ ಕಥೆ ಹಿಡಿದು ಎಲ್ಲರನ್ನೂ ಬೈಯಬೇಡಿ ಎನ್ನುವವರಿದ್ದಾರೆ. ಸರಿ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನೂರಕ್ಕೂ ಹೆಚ್ಚು ತಜ್ಞರಿಗೆ ಹಣ ಕೊಟ್ಟು ಒಂದೇ ಥರದ ಫೈಲುಗಳನ್ನು ಓದಿಸಿದರು. ಅರ್ಧ ಜನಕ್ಕೆ ‘ನೀವು ಸರ್ಕಾರದ ಕಡೆ’ ಎಂದರು, ಉಳಿದವರಿಗೆ ‘ನೀವು ಆರೋಪಿ ಕಡೆ’ ಎಂದರು. ಸರ್ಕಾರದ ಕಡೆಯವರಿಗೆ ಅದೇ ಕೈದಿ ಜಾಸ್ತಿ ಅಪಾಯಕಾರಿಯಾಗಿ ಕಂಡ. ಪಾಪ, ಯಾರೂ ಸುಳ್ಳು ಹೇಳಿರಲಿಕ್ಕಿಲ್ಲ. ಯಾರ ಕಡೆ ಕೂತಿದ್ದೇವೆ ಅಂತ ಗೊತ್ತಾದರೆ ಕನ್ನಡಕ ತಾನಾಗೇ ಬದಲಾಗುತ್ತದೆ.

ಮನುಷ್ಯರ ಸಹವಾಸ ಬೇಡ, ಯಂತ್ರವೇ ವಾಸಿ ಎಂದವರೂ ಇದ್ದಾರೆ. ಸಿಐಎಯಲ್ಲಿ ಕೂತು ಸೋವಿಯತ್ ಪರ ಬೇಹುಗಾರಿಕೆ ಮಾಡಿದ ಆಲ್ಡ್ರಿಚ್ ಏಮ್ಸ್ ಸುಳ್ಳುಪತ್ತೆ ಪರೀಕ್ಷೆಯಲ್ಲಿ ಎರಡು ಸಲ ಪಾಸಾದ. ಭಾರತದ ಸುಪ್ರೀಂ ಕೋರ್ಟು 2010ರಲ್ಲಿ, ಒಪ್ಪಿಗೆಯಿಲ್ಲದೆ ಯಾರಿಗೂ ಮಂಪರು ಪರೀಕ್ಷೆಯನ್ನಾಗಲಿ ಸುಳ್ಳುಪತ್ತೆ ಪರೀಕ್ಷೆಯನ್ನಾಗಲಿ ಮಾಡುವಂತಿಲ್ಲ, ಒಪ್ಪಿ ಮಾಡಿಸಿಕೊಂಡರೂ ಫಲಿತಾಂಶವೇ ಸಾಕ್ಷ್ಯವಾಗುವುದಿಲ್ಲ ಎಂದಿತು. ಆದರೂ ‘ಮಂಪರು ಪರೀಕ್ಷೆಗೆ ನಾನು ರೆಡಿ’ ಎನ್ನುವ ಸವಾಲು ಮಾತ್ರ ನಿಂತಿಲ್ಲ. ಲೆಕ್ಕಕ್ಕೆ ಬಾರದ ಪರೀಕ್ಷೆಗೆ ರೆಡಿಯಾಗಲು ಭಯ ಯಾಕೆ?

ಹಾಗಾದರೆ ಮನಶ್ಶಾಸ್ತ್ರಕ್ಕೆ ನಿಜವಾಗಿ ಗೊತ್ತಿರುವುದು ಏನೂ ಇಲ್ಲವೇ? ಇದೆ, ನೆನಪಿನ ಬಗ್ಗೆ. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಕಾರು ಅಪಘಾತದ ಫಿಲ್ಮ್ ತುಣುಕು ತೋರಿಸಿದರು. ಕೆಲವರಿಗೆ ‘ಕಾರುಗಳು ಗುದ್ದಿದಾಗ ವೇಗ ಎಷ್ಟಿತ್ತು’ ಎಂದು ಕೇಳಿದರು, ಕೆಲವರಿಗೆ ‘ಅಪ್ಪಳಿಸಿದಾಗ’ ಎಂದು. ವಾರದ ಮೇಲೆ ಮತ್ತೊಂದು ಪ್ರಶ್ನೆ: ಒಡೆದ ಗಾಜು ಕಂಡಿರಾ? ‘ಗುದ್ದಿದಾಗ’ ಎಂದು ಕೇಳಿಸಿಕೊಂಡ 50 ಜನರಲ್ಲಿ 7 ಜನ ಹೌದೆಂದರು. ‘ಅಪ್ಪಳಿಸಿದಾಗ’ ಎಂದು ಕೇಳಿಸಿಕೊಂಡ 50ರಲ್ಲಿ 16 ಜನ. ಗಾಜು ಒಡೆದೇ ಇರಲಿಲ್ಲ. ಅಮೆರಿಕದಲ್ಲಿ ಡಿಎನ್‌ಎ ಪರೀಕ್ಷೆಯಿಂದ ನಿರಪರಾಧಿಗಳೆಂದು ಸಾಬೀತಾದವರಲ್ಲಿ ಬಹುಪಾಲು ಜನರನ್ನು ಯಾರೋ ಒಬ್ಬ ಪ್ರತ್ಯಕ್ಷಸಾಕ್ಷಿ ತಪ್ಪಾಗಿ ಗುರುತಿಸಿದ್ದ.

ಇದನ್ನು ಹೇಳುತ್ತೇವೆ ಎಂದು ಮನಶ್ಶಾಸ್ತ್ರಜ್ಞರು ಬಂದಾಗ ಎಷ್ಟೋ ಕೋರ್ಟುಗಳು ಬಾಗಿಲಲ್ಲೇ ತಡೆದಿವೆ. ಕಾರಣ? ನೆನಪು ಕೈಕೊಡುತ್ತದೆ ಎನ್ನುವುದು ಸಾಮಾನ್ಯ ಜ್ಞಾನ, ಜ್ಯೂರಿಗೆ ಗೊತ್ತೇ ಇದೆ, ಅದಕ್ಕೆ ತಜ್ಞರು ಯಾಕೆ! ತಿಳಿಯದ್ದನ್ನು ಹೇಳುವವನಿಗೆ ಕಟಕಟೆ, ತಿಳಿದದ್ದನ್ನು ಹೇಳುವವನಿಗೆ ‘ನೀವಿನ್ನು ಹೊರಡಬಹುದು’.

ಇಷ್ಟರ ಮೇಲೆ ಪಾಟೀಸವಾಲು ಶುರುವಾಗುತ್ತದೆ. ಸಾಕ್ಷಿ ಬಾಯಿತಪ್ಪಿ ಹೇಳಬಾರದ್ದನ್ನು ಹೇಳಿಬಿಡುತ್ತಾನೆ. ನ್ಯಾಯಾಧೀಶರು ಜ್ಯೂರಿ ಕಡೆ ತಿರುಗುತ್ತಾರೆ: “ಈಗ ಕೇಳಿದ್ದನ್ನು ನೀವು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.” ಹನ್ನೆರಡು ಜನ ತಲೆಯಾಡಿಸುತ್ತಾರೆ. ಆದೇಶವಾಗಿದೆ, ಮರೆತಾಯಿತು.