ಗುರ್ಜಿ ದಾಖಲಿಸುವವರು ಮೊದಲು ಕೇಳಬಾರದ ಪ್ರಶ್ನೆ

ಮುಂಗಾರು ಎರಡು ವಾರ ಕೈಕೊಟ್ಟರೆ ಸಾಕು, ಧಾರವಾಡ, ಗದಗ, ಹಾವೇರಿ ಕಡೆ ಮಳೆಗಾಗಿ ಆಡುವ ಗುರ್ಜಿಯ ವಿಡಿಯೋಗಳು ಜಾಲತಾಣಗಳಲ್ಲಿ ಹರಿದಾಡತೊಡಗುತ್ತವೆ. ಅರ್ಧ ಜನ ‘ಮೂಢನಂಬಿಕೆ’ ಅಂತಾರೆ. ಉಳಿದರ್ಧ ‘ಹಿರಿಯರು ಸುಮ್ಮನೆ ಮಾಡಿಲ್ಲ, ಇದರ ಹಿಂದೆ ವಿಜ್ಞಾನ ಇದೆ’ ಅಂತಾರೆ. ಕಮೆಂಟಿನಲ್ಲಿ ಏನಾದರೂ ಇರಲಿ. ಜಾನಪದ ಕ್ಷೇತ್ರಕಾರ್ಯದ ವರದಿಗಳೂ ಕೊನೆಗೆ ಇದೇ ಎರಡರಲ್ಲಿ ಒಂದು ಷರಾ ಬರೆದು ಕೈತೊಳೆದುಕೊಳ್ಳುವುದು ಬೇಸರದ ಸಂಗತಿ.

ಎಡವುವುದು ಮೊದಲ ಪ್ರಶ್ನೆಯಲ್ಲೇ. ‘ಇದನ್ನ ಯಾಕ ಮಾಡ್ತೀರಿ?’ ಅಂತ ಕೇಳಿದರೆ ‘ಮಳಿ ಬರ್ಲಿ ಅಂತ್ರೀ, ಹಿರ್ಯಾರು ಮಾಡ್ಕೋತ ಬಂದಾರ’ ಅನ್ನುತ್ತಾರೆ. ಮತ್ತೆ ಮತ್ತೆ ಕೆದಕಿದರೆ, ಪ್ಯಾಟಿಯಿಂದ ಬಂದವರಿಗೆ ಬೇಸರವಾಗದಿರಲಿ ಎಂದು ಏನಾದರೊಂದು ಅರ್ಥ ಹೊಂದಿಸಿ ಕೊಡುತ್ತಾರೆ. ಅದು ಆಚರಣೆಯ ಅರ್ಥವಾಗಿ ಅಚ್ಚಾಗುತ್ತದೆ. ‘ಯಾಕೆ’ಯನ್ನು ಕೊನೆಗಿಟ್ಟುಕೊಳ್ಳಿ. ಯಾರು, ಏನು, ಎಷ್ಟು, ಯಾವ ಮನೆಯಿಂದ ಯಾವ ಮನೆಗೆ, ಇವು ಮೊದಲು.

ರೊಟ್ಟಿ ಸುಡುವ ಹಂಚಿನ ಮೇಲೆ ಸೆಗಣಿಯಲ್ಲಿ ಗುರ್ಜಿಯ ಆಕೃತಿ ಮಾಡಿ, ಕರಿಕಿ (ಗರಿಕೆ) ಸಿಕ್ಕಿಸುತ್ತಾರೆ. ಹೊರುವವನು ಅದನ್ನು ತಲೆಯ ಮೇಲಿಟ್ಟುಕೊಂಡು ಮನೆಮನೆಗೆ ಹೋಗುತ್ತಾನೆ, ಜೊತೆಗಿದ್ದವರು ಹಾಡುತ್ತಾರೆ. ಮನೆಯವರು ನೀರು ಸುರಿದಾಗ ಅವನು ಗರಗರ ತಿರುಗುತ್ತಾನೆ, ನೀರು ಸುತ್ತಲೂ ಸಿಡಿಯುತ್ತದೆ. ಮನೆಯವರು ಕೊಟ್ಟ ಜೋಳ, ಹಿಟ್ಟು, ಬೇಳೆಯನ್ನು ಕೂಡಿಸಿ ಗುಡಿಯ ಹತ್ತಿರ ಅಡುಗೆ ಮಾಡಿ ಉಣ್ಣುತ್ತಾರೆ. ವರದಿಗಳಲ್ಲಿ ಇಷ್ಟು ಇದ್ದೇ ಇರುತ್ತದೆ.

ಇರದೇ ಇರುವುದನ್ನು ಹೇಳುತ್ತೇನೆ. ಹಂಚು ಮಣ್ಣಿನದೋ ಕಬ್ಬಿಣದ್ದೋ, ಯಾರ ಮನೆಯದು, ಆಮೇಲೆ ಅದರಲ್ಲಿ ರೊಟ್ಟಿ ಸುಡುತ್ತಾರೋ ಇಲ್ಲವೋ. ಹೊರುವವನನ್ನು ಆರಿಸಿದವರು ಯಾರು. ನೀರು ಒಂದು ತಂಬಿಗೆಯೋ ಒಂದು ಕೊಡವೋ. ಕುಡಿಯುವ ನೀರಿಗೇ ತತ್ವಾರ ಇರುವ ಹೊತ್ತಿನಲ್ಲಿ ಈ ಅಳತೆ ಸಣ್ಣ ಮಾತಲ್ಲ. ಎಲ್ಲಕ್ಕಿಂತ ಮುಖ್ಯ, ದಾರಿಯ ನಕ್ಷೆ. ಗುರ್ಜಿ ಯಾವ ಓಣಿಗೆ ಹೋಯಿತು, ಯಾವ ಕೇರಿಯ ಅಂಚಿನಲ್ಲಿ ನಿಂತು ಹೊರಳಿತು, ಯಾರ ಮನೆಯ ಹಿಟ್ಟು ಆ ಅಡುಗೆಗೆ ಸೇರಲಿಲ್ಲ. ಒಂದು ಹಾಳೆಯಲ್ಲಿ ಮನೆಗಳಿಗೆ ಸಂಖ್ಯೆ ಹಾಕಿ ಗುರುತಿಸಿಕೊಂಡರೆ ಊರಿನ ಜಾತಿ ಲೆಕ್ಕಾಚಾರ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಸಂಕೇತಗಳ ಬಗ್ಗೆ ಹತ್ತು ಪುಟ ಬರೆಯುವುದಕ್ಕಿಂತ ಆ ಒಂದು ಹಾಳೆಗೆ ಬೆಲೆ ಹೆಚ್ಚು.

ಹಾಡಿನ ರೆಕಾರ್ಡಿಂಗ್ ಸಾಮಾನ್ಯವಾಗಿ ಕೆಡುತ್ತದೆ. ನೀರಿನ ಸದ್ದು, ಹುಡುಗರ ಕೇಕೆ, ಹಾಡುವವರು ಆಗಲೇ ಮುಂದಿನ ಮನೆಯ ಮುಂದೆ. ಸಂಜೆ ಕಟ್ಟೆಯ ಮೇಲೆ ಕೂರಿಸಿ ಇನ್ನೊಮ್ಮೆ ಹಾಡಿಸಿಕೊಳ್ಳಿ. ಎರಡೂ ಪಾಠ ಒಂದೇ ಇರುವುದಿಲ್ಲ. ‘ಶುದ್ಧ’ ಮಾಡಲು ಹೋಗದೆ ಎರಡನ್ನೂ ಇಟ್ಟುಕೊಳ್ಳಿ. ಮಳೆ ಚೆನ್ನಾಗಿ ಬಿದ್ದ ವರ್ಷ ಕ್ಯಾಮೆರಾಕ್ಕಾಗಿ ಆಡಿಸಿದ್ದಾದರೆ ಹಾಗೆಂದೇ ಬರೆಯಿರಿ. ಅಂಥದ್ದು ನಾಲ್ಕು ಮನೆಗೆ ಮುಗಿದುಹೋಗುತ್ತದೆ, ಹಿಟ್ಟು ಕೂಡಿಸುವುದೂ ಇಲ್ಲ, ಊಟವೂ ಇಲ್ಲ.

ಇನ್ನು ಸಿದ್ಧಾಂತ. ಒಂದನ್ನು ಹೋಲುವ ಕೆಲಸ ಮಾಡಿದರೆ ಅದೇ ಘಟಿಸುತ್ತದೆ ಎಂಬುದು ಮಾಟದ ಒಂದು ನಿಯಮ ಎಂದು ಮಾನವಶಾಸ್ತ್ರಜ್ಞ ಜೇಮ್ಸ್ ಫ್ರೇಜರ್ ಹೇಳಿದ. ಕೇಂಬ್ರಿಡ್ಜ್‌ನಲ್ಲಿ ಕೂತು ಬೇರೆಯವರ ಬರಹ ಓದಿ ಹೇಳಿದ್ದು. ಗುರ್ಜಿಗೆ ಅದು ಸಲೀಸಾಗಿ ಹೊಂದುತ್ತದೆ: ನೀರು ಸಿಡಿದಂತೆ ಮಳೆ ಸಿಡಿಯಲಿ. ‘ಕಾದ ಹಂಚೆಂದರೆ ಕಾದ ನೆಲ’ ಎಂದು ಬರೆಯುವ ಆಸೆಯೂ ಆಗುತ್ತದೆ. ಊರಿನಲ್ಲಿ ಯಾರೂ ಹಾಗೆ ಹೇಳದಿದ್ದರೆ ಅದು ನಿಮ್ಮ ಮಾತು. ನೋಟ್‌ಬುಕ್ಕಿನಲ್ಲಿ ಅದಕ್ಕೆ ಬೇರೆ ಬಣ್ಣದ ಶಾಯಿ ಇರಲಿ. ನನಗೆ ಹೆಚ್ಚು ಒಪ್ಪಿಗೆಯಾಗುವವನು ಇನ್ನೊಬ್ಬ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ. 1915–18ರ ನಡುವೆ ನ್ಯೂಗಿನಿ ಹತ್ತಿರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿದ್ದು ನೋಡಿದ್ದನ್ನು ಅವನು ಬರೆದ: ಹಿನ್ನೀರಿನ ಮೀನುಗಾರಿಕೆಗೆ ಮಾಟ ಇಲ್ಲ, ಅಪಾಯವೂ ಅನಿಶ್ಚಿತವೂ ಆದ ತೆರೆದ ಕಡಲಿನ ಮೀನುಗಾರಿಕೆಗೆ ಇದೆ. ನಮ್ಮಲ್ಲೂ ಕೂರಿಗೆ ಸರಿಮಾಡುವುದಕ್ಕೆ ಗುರ್ಜಿ ಬೇಕಿಲ್ಲ. ಬೀಜ, ಗೊಬ್ಬರ, ಎತ್ತು ಅಥವಾ ಟ್ರ್ಯಾಕ್ಟರ್ ಎಲ್ಲ ಅಣಿಯಾಗಿ, ಕೈಯಲ್ಲಿಲ್ಲದ್ದು ಮಳೆ ಒಂದೇ ಆದಾಗ ಹಂಚು ತಲೆಗೇರುತ್ತದೆ. ಗುರ್ಜಿಗೆ ನೀರು ಸುರಿದವರೇ ಬೆಳೆ ವಿಮೆಯ ಕಂತನ್ನೂ ಕಟ್ಟಿರುತ್ತಾರೆ.

‘ಗುರ್ಜಿ ಆಡಿದ ಮೂರನೇ ದಿನಕ್ಕೆ ಮಳಿ ಬಂತು’ ಎನ್ನುವುದನ್ನು ಪರೀಕ್ಷಿಸುವುದು ಕಷ್ಟವಲ್ಲ. ಆಡಿದ ತಾರೀಖು ಬರೆದುಕೊಳ್ಳಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಅಂಕಿಅಂಶ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇದೆ. ಹವಾಮಾನ ಇಲಾಖೆ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದ ದಿನವನ್ನು ಮಳೆ ದಿನ ಎನ್ನುತ್ತದೆ. ಹೋಲಿಸುವಾಗ ಒಂದು ನೆನಪಿರಲಿ. ಗುರ್ಜಿ ಹೊರಡುವುದೇ ಮೃಗಶಿರ, ಆರಿದ್ರ ಮಳೆಗಳು ಒಣಗಿ, ಮುಂಗಾರು ಇಂದೋ ನಾಳೆಯೋ ಎನ್ನುವ ಹೊತ್ತಿಗೆ. ಆಗ ಏನು ಮಾಡಿದರೂ, ಮಾಡದಿದ್ದರೂ, ಕೆಲವೇ ದಿನದಲ್ಲಿ ಮಳೆ ಬರುವ ಸಂಭವ ಹೆಚ್ಚು. ಬಾರದಿದ್ದರೆ? ನಿಜವಾದ ದಾಖಲೆ ಶುರುವಾಗುವುದು ಆಗ. ಏನು ತಪ್ಪಿತು ಅಂತಾರೆ, ಮತ್ತೆ ಆಡುತ್ತಾರೋ, ಕತ್ತೆ ಮದುವೆಗೋ ಭಜನೆಗೋ ಹೋಗುತ್ತಾರೋ, ಆ ಸರದಿಯನ್ನು ಯಾರು ತೀರ್ಮಾನಿಸುತ್ತಾರೆ. ಮಳೆ ಬಂದ ಕೂಡಲೇ ಊರಿಗೆ ಹಿಂತಿರುಗುವ ಸಂಶೋಧಕರಿಗೆ ಇದು ಸಿಗುವುದಿಲ್ಲ.

ಈ ಸರದಿಯ ತುದಿಯಲ್ಲಿ ಒಂದು ಕರಾಳ ಮಾತಿದೆ. ತೊನ್ನು ಇದ್ದವರ ಹೆಣ ಹೂತಿದ್ದಕ್ಕೇ ಮಳೆ ನಿಂತಿತು ಎಂದು ಗೋರಿ ಅಗೆದು ಹೆಣ ಸುಟ್ಟ ಸುದ್ದಿಗಳನ್ನು ಬರಗಾಲದಲ್ಲಿ ಓದಿದ್ದೇವೆ. ತೊನ್ನು ಅಂಟುವ ರೋಗವೇ ಅಲ್ಲ. ಇಲ್ಲಿ ‘ನಾನು ಬರೀ ದಾಖಲಿಸುವವನು’ ಎನ್ನುವ ಮಾತು ನಡೆಯುವುದಿಲ್ಲ. ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಮಾಟದ ಬಗ್ಗೆ ಕೆಲಸ ಮಾಡಿದ ಮಾನವಶಾಸ್ತ್ರಜ್ಞೆ ಜಾನ್ ಫಾವ್ರೆ-ಸಾದಾ 1977ರಲ್ಲೇ ತೋರಿಸಿಕೊಟ್ಟಿದ್ದರು: ಇಂಥ ವಿಷಯ ಕೇಳುವವರನ್ನು ಊರು ಯಾವುದಾದರೊಂದು ಪಾತ್ರದಲ್ಲಿ ಕೂರಿಸಿಯೇ ಬಿಡುತ್ತದೆ. ‘ಯಾರ ಹೆಣ?’ ಎಂದು ನೀವು ಮೂರು ಮನೆಯಲ್ಲಿ ಕೇಳಿದರೆ ನಾಲ್ಕನೇ ಮನೆಗೆ ಆ ಹೆಸರು ಖಚಿತವಾಗಿರುತ್ತದೆ. ಆ ಹೆಸರು ಕೇಳಬೇಡಿ. ಯಾರಾದರೂ ಹೇಳಿದರೂ ಬರೆದುಕೊಳ್ಳಬೇಡಿ, ಊರಿನ ಹೆಸರನ್ನೂ ವರದಿಯಿಂದ ತೆಗೆಯಿರಿ. ಅಗೆಯುವ ಮಾತು ಪಂಚಾಯಿತಿ ಕಟ್ಟೆಗೆ ಬಂದಿದೆ ಎಂದು ಗೊತ್ತಾದರೆ ನೋಟ್‌ಬುಕ್ ಮುಚ್ಚಿಟ್ಟು ಆ ಮನೆಯವರಿಗೂ ತಹಶೀಲ್ದಾರರಿಗೂ ಅದೇ ದಿನ ತಿಳಿಸಿ.