ದಿಂಬಿಗೆ ಗುದ್ದಿದರೆ ಸಿಟ್ಟು ಇಳಿಯುವುದಿಲ್ಲ: ಒಂದು ಸ್ಪಷ್ಟನೆ

‘ಕೊಂಕು ಮಾತಿನವರು ಮನಸ್ಸು ಕೆಡಿಸಿದರೆ ಅವರನ್ನೇ ನೆನೆದು ದಿಂಬಿಗೆ ಗುದ್ದಿ, ಸಿಟ್ಟು ಹೊರಹೋಗುತ್ತದೆ’ ಎಂಬ ಸಂದೇಶ ಹರಿದಾಡುತ್ತಿದೆ. ಕಳೆದ ವಾರ ನಾನೂ ಅದನ್ನು ಹಂಚಿದ್ದೆ. ಅದು ತಪ್ಪು.

ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರ್ಯಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮನ್ನು ಕೆಣಕಿದವರನ್ನು ನೆನೆಯುತ್ತ ಬಾಕ್ಸಿಂಗ್ ಚೀಲಕ್ಕೆ ಗುದ್ದಿದವರ ಸಿಟ್ಟೇ ಹೆಚ್ಚಾಗಿತ್ತು. ಏನೂ ಮಾಡದೆ ಸುಮ್ಮನೆ ಕುಳಿತವರು ಅವರಿಗಿಂತ ಶಾಂತವಾಗಿದ್ದರು. ಗುದ್ದಿದ ಮೇಲೆ ಹಗುರವೆನಿಸುವುದೇನೋ ನಿಜ, ನಾನು ಮೋಸಹೋದದ್ದೂ ಅಲ್ಲೇ. ಆದರೆ ಗುದ್ದುವಷ್ಟು ಹೊತ್ತೂ ಮನಸ್ಸು ಅದೇ ಮಾತನ್ನು ಮೆಲುಕು ಹಾಕುತ್ತಿರುತ್ತದೆ. ಕೆಂಡಕ್ಕೆ ಗಾಳಿ ಬೀಸಿದ ಹಾಗೆ.

ಕೊಂಕು ಮಾತಿನವರೊಂದಿಗೆ ಮಾತು ಚುಟುಕಾಗಿ ಮುಗಿಸಿ ಎದ್ದು ಬರುವುದು, ನಿಧಾನವಾಗಿ ಉಸಿರಾಡುವುದು ಮೇಲು.

ಆ ಸಂದೇಶ ನಿಮ್ಮ ಮೊಬೈಲಿನಲ್ಲಿದ್ದರೆ ದಯವಿಟ್ಟು ಅಳಿಸಿ, ಮುಂದೆ ಕಳಿಸಬೇಡಿ.