ಸ್ಪಷ್ಟನೆ: ಏರ್ ಗನ್ನಿಗೆ ಎಣ್ಣೆ ಬಿಟ್ಟರೆ ಪವರ್ ಹೆಚ್ಚುತ್ತದೆ ಎಂಬ ಸಂದೇಶ

‘ಸ್ಪ್ರಿಂಗ್ ಏರ್ ಗನ್ನಿನ ಒಳಗೆ ಎರಡು ಹನಿ ಎಣ್ಣೆ ಬಿಡಿ, ಪವರ್ ಡಬಲ್, ಏರ್ ಗನ್ನಿಗೆ ಹೇಗೂ ಲೈಸೆನ್ಸ್ ಬೇಡ’ ಎಂಬ ವಾಟ್ಸಾಪ್ ಸಂದೇಶದ ಎರಡೂ ಭಾಗ ತಪ್ಪು.

ಟ್ರಿಗರ್ ಒತ್ತಿದಾಗ ಪಿಸ್ಟನ್ ನುಗ್ಗಿ ಸಿಲಿಂಡರಿನ ಗಾಳಿಯನ್ನು ಕ್ಷಣದಲ್ಲಿ ಅದುಮುತ್ತದೆ, ಗಾಳಿ ವಿಪರೀತ ಕಾಯುತ್ತದೆ. ಅಲ್ಲಿ ಎಣ್ಣೆಯಿದ್ದರೆ ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆಯೇ ಹೊತ್ತಿಕೊಳ್ಳುತ್ತದೆ. ಫಟ್ ಎಂಬ ಜೋರು ಸದ್ದು, ನಳಿಕೆಯ ಬಾಯಲ್ಲಿ ನೀಲಿ ಹೊಗೆ, ಸುಟ್ಟ ವಾಸನೆ. ಇದನ್ನೇ ಜನ ‘ಪವರ್’ ಅಂದುಕೊಳ್ಳುತ್ತಾರೆ. ಆ ಸ್ಫೋಟ ಪಿಸ್ಟನ್ನನ್ನು ಹಿಂದಕ್ಕೆ ಒದ್ದು, ಗಾಳಿ ಸೋರದಂತೆ ತಡೆಯುವ ಸೀಲ್ ಸುಡಬಹುದು, ಸ್ಪ್ರಿಂಗ್ ಮುರಿಯಬಹುದು. ಕೆಲವು ಗುಂಡಿನ ವೇಗ ಹೆಚ್ಚಿದರೂ, ಪ್ರತಿ ಗುಂಡಿನ ವೇಗ ಬೇರೆಯಾಗಿ ಗುರಿಯೂ ತಪ್ಪುತ್ತದೆ. (ಹೊಸ ಗನ್ ಮೊದಲ ಕೆಲವು ಹೊಡೆತಕ್ಕೆ ತುಸು ಹೊಗೆ ಬಿಡುವುದುಂಟು. ಅದು ಕಾರ್ಖಾನೆಯ ಗ್ರೀಸ್.)

ಟ್ರಿಗರ್ ಹಗುರವಾಗಲೆಂದು ಸಿಯರ್ (ಟ್ರಿಗರ್ ಒತ್ತುವವರೆಗೆ ಪಿಸ್ಟನ್ನನ್ನು ಹಿಡಿದಿಡುವ ಕೊಕ್ಕೆ) ಉಜ್ಜುವುದು ಇನ್ನೂ ಕೆಟ್ಟದ್ದು. ಗುಂಡು ತುಂಬುವಾಗ ಆ ಕೊಕ್ಕೆಯ ಹಿಡಿತ ಜಾರಿದರೆ ಬಗ್ಗಿಸಿದ ನಳಿಕೆ ರಪ್ಪನೆ ಮೇಲೆದ್ದು ಬೆರಳು ಜಜ್ಜುತ್ತದೆ.

ಲೈಸೆನ್ಸ್ ವಿನಾಯಿತಿ ಎಲ್ಲ ಏರ್ ಗನ್ನಿಗೂ ಇಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲ್ ಶಕ್ತಿ, 0.177 ಇಂಚು (4.5 ಮಿ.ಮೀ.) ಬೋರ್ (ನಳಿಕೆಯ ಒಳವ್ಯಾಸ) ಮಿತಿಯೊಳಗಿರಬೇಕು. ಅರ್ಧ ಗ್ರಾಂ ಗುಂಡು ಸೆಕೆಂಡಿಗೆ 280 ಮೀಟರ್ ಹೋದರೆ 19.6 ಜೂಲ್, 290 ಆದರೆ 21. ಮಿತಿ ದಾಟಲು ಅಷ್ಟೇ ಸಾಕು.

ಎಣ್ಣೆ ಈಗಾಗಲೇ ಬಿಟ್ಟಿದ್ದರೆ ಹೊಡೆಯಬೇಡಿ, ಮನೆಯಲ್ಲಿ ಬಿಚ್ಚಲೂಬೇಡಿ: ಕಾಕ್ ಮಾಡದಿದ್ದರೂ (ಹೊಡೆಯಲು ಸ್ಪ್ರಿಂಗ್ ಎಳೆದು ಸಜ್ಜು ಮಾಡದಿದ್ದರೂ) ಸ್ಪ್ರಿಂಗ್ ಒತ್ತಡದಲ್ಲೇ ಇರುತ್ತದೆ, ಮುಖಕ್ಕೆ ಸಿಡಿಯಬಹುದು. ಕೊಂಡ ಡೀಲರಿಗೆ ಕೊಡಿ. ಆ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.